ತಣ್ಣಗಿನ ಒಲೆ

ನಮ್ಮ ಮನೆಯ ಹಿಂಬಾಗಿಲು ತೆರೆದರೆ ಎದುರಿಗೇ ಗುಡ್ಡ ಕಾಣುತ್ತಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಚೆಗೆ ಅಲ್ಲಿಗೆ ಹೋಗಿ ನಿಂತು ನೋಡಿದೆ. ಬಾಗಿಲಿದ್ದ ಜಾಗದಿಂದ ಗುಡ್ಡ ಕಾಣುವುದಿಲ್ಲ. ಎರಡು ಹೆಜ್ಜೆ ಬಲಕ್ಕೆ ಸರಿದರೆ ಮಾತ್ರ ಕಾಣುತ್ತದೆ. ಮುಂದೆ ನಾನು ಬರೆಯುವುದರಲ್ಲಿಯೂ ಇಂಥ ಎರಡು ಹೆಜ್ಜೆಯ ತಪ್ಪುಗಳು ಇರಬಹುದು. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಕಾಲೇಜಿಗೆ ಸೇರಿದ ಮೇಲೆ. ಅದಕ್ಕೂ ಹಿಂದಿನ ದಿನಗಳಿಗೆ ನನ್ನ ಹತ್ತಿರ ಕಾಗದದ ಸಾಕ್ಷಿ ಇಲ್ಲ. ಯಾರು ಯಾವ ಸೀರೆ ಉಟ್ಟಿದ್ದರು, ಯಾರು ಮೊದಲು ಅತ್ತರು ಎಂದು ನಾನು ಖಚಿತವಾಗಿ ಹೇಳಿದರೆ ಅನುಮಾನಿಸಿ. ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬ ಒಂದನ್ನು ಮಾತ್ರ ನಂಬಬಹುದು. ಅದನ್ನು ದೊಡ್ಡಪ್ಪ ತನ್ನ ಬಾಯಿಂದಲೇ ಹೇಳಿದ್ದನ್ನು ನಾನಷ್ಟೇ ಅಲ್ಲ, ಅವ್ವನೂ ಕೇಳಿಸಿಕೊಂಡಿದ್ದಳು. ಸಾಯುವವರೆಗೂ ಅವಳು ಅದೊಂದನ್ನು ಮರೆಯಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ, ಸಂಬಂಧಿಕರು ಇನ್ನೂ ಅಲ್ಲಿದ್ದಾರೆ. ಹರಿಹರದಿಂದ ದಾವಣಗೆರೆಯ ಕಡೆಗೆ ಬರುವಾಗ ನಡುವೆ ರಸ್ತೆ ಬಿಟ್ಟು ತಿರುಗಿ, ಎತ್ತಿನ ಗಾಡಿಯಲ್ಲಿ ಒಂದು ತಾಸು ಹೋದರೆ ಸಿಗುತ್ತಿತ್ತು. ಊರಿನ ಮೂಡಣ ದಿಕ್ಕಿಗೆ ಹುಲ್ಲು ಬೆಳೆದ ಗುಡ್ಡ. ಊರಿನ ಕಡೆಯ ಸಾಲಿನಲ್ಲಿ, ಗುಡ್ಡಕ್ಕೆ ಬೆನ್ನು ಮಾಡಿಕೊಂಡು ನಮ್ಮ ಮಾಳಿಗೆ ಮನೆ. ಮುಂದೆ ಪಡಸಾಲೆ, ಅದರಾಚೆ ಅಡುಗೆಮನೆ, ಪಕ್ಕದಲ್ಲಿ ಕಿಟಕಿಯೇ ಇಲ್ಲದ ಕಣಜದ ಕೋಣೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಜೋಳದ ಸೊಪ್ಪೆಯ ಎರಡು ಬಣವೆ, ಅವುಗಳ ಮಗ್ಗುಲಿಗೆ ತಿಪ್ಪೆ. ಅಪ್ಪ ದಾವಣಗೆರೆಯ ಜವಳಿ ಅಂಗಡಿಯಲ್ಲಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅಪ್ಪನ ಅಣ್ಣನಾದ ದೊಡ್ಡಪ್ಪ, ಆತನ ಮಗಳು ಶಾಂತಕ್ಕ, ಅವ್ವ ಮತ್ತು ನಾನು. ದೊಡ್ಡವ್ವ ಶಾಂತಕ್ಕನನ್ನು ಹೆತ್ತ ಬಾಣಂತನದಲ್ಲೇ ತೀರಿಕೊಂಡಿದ್ದಳು. ಶಾಂತಕ್ಕ ನನಗಿಂತ ಐದು ವರ್ಷ ದೊಡ್ಡವಳು. ನನಗಾಗ ಎಂಟೋ ಒಂಬತ್ತೋ.

ಶಿವರಾತ್ರಿ ಕಳೆಯಿತೆಂದರೆ ಮಾಳಿಗೆಯ ಮಣ್ಣು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮುಂಜಾನೆ ಮಾಡಿದ ಬೇಳೆ ಸಾರು ಸಂಜೆಗೆ ನೊರೆ ಕಟ್ಟುತ್ತಿತ್ತು. ಬಾವಿಯ ತಳ ಕಾಣುತ್ತಿತ್ತು. ಕೊಡದಲ್ಲಿ ಬರುತ್ತಿದ್ದುದು ಅರ್ಧ ನೀರು, ಅರ್ಧ ರಾಡಿ. ಬಿಸಿಲಿಗೆ ನಮ್ಮ ಮನೆಯ ಗಂಡಸು ಕಂಡುಕೊಂಡಿದ್ದ ಉಪಾಯಗಳೆಲ್ಲ ಹೆಂಗಸರ ಸೊಂಟದ ಮೇಲೆ ನಿಂತಿದ್ದವು. ದೊಡ್ಡಪ್ಪ ಪಡಸಾಲೆಯ ಕಿಟಕಿಗೆ ಒದ್ದೆ ಧೋತರ ಕಟ್ಟಿಸಿ ಅದರ ಕೆಳಗೆ ಮಲಗುತ್ತಿದ್ದ. ಧೋತರ ಒಣಗದಂತೆ ನೀರು ಚಿಮುಕಿಸುವ ಕೆಲಸ ನನ್ನದು, ಆ ನೀರು ಹೊತ್ತು ತರುವ ಕೆಲಸ ಅವ್ವನದು. ದಿನಕ್ಕೆ ಎರಡು ಕೊಡ ಆ ಧೋತರವೇ ಕುಡಿಯುತ್ತಿತ್ತು. ನಮಗೆ ತಲೆಗೆ ಎರೆದುಕೊಳ್ಳಲು ವಾರಕ್ಕೆ ಒಂದು ಕೊಡ. ಸಂಜೆ ಚಾವಡಿಗೆ ಹೋಗಿ ಕೂತು ದೊಡ್ಡಪ್ಪ, ಈ ವರ್ಷ ಬಿಸಿಲು ಅಂಥಾದ್ದೇನಿಲ್ಲ ಎಂದು ತೀರ್ಪು ಕೊಡುತ್ತಿದ್ದ. ಹೌದು ಹೌದೆಂದು ತಲೆಯಾಡಿಸುವವರು ಯಾವಾಗಲೂ ನಾಲ್ಕು ಜನ ಇದ್ದರು. ಅವರ ಮುಖಗಳು ನನಗೆ ನೆನಪಿಲ್ಲ, ತಲೆಯಾಡಿಸಿದ್ದಷ್ಟೇ ನೆನಪಿದೆ.

ಬೇಸಿಗೆಗೆ ನಮ್ಮೂರಿನಲ್ಲಿ ಒಂದು ಕಟ್ಟಳೆ ಇತ್ತು. ಗಾಳಿಯ ದಿನಗಳು ಶುರುವಾದವೆಂದರೆ ತಳವಾರ ಡಂಗುರ ಹೊಡೆಯುತ್ತಿದ್ದ: ಹೊತ್ತು ಚಾವಡಿಯ ಬೇವಿನ ಮರದ ತಲೆ ಮುಟ್ಟುವುದರೊಳಗೆ ಊರಿನ ಒಲೆಗಳೆಲ್ಲ ಆರಬೇಕು, ದನ ಮನೆಗೆ ಬಂದು ಗಾಳಿ ಇಳಿಯುವವರೆಗೆ ಯಾರೂ ಹಚ್ಚಬಾರದು. ಊರಿನಲ್ಲಿ ಅರ್ಧಕ್ಕರ್ಧ ಸೋಗೆ ಮನೆಗಳು, ಮನೆಗೊಂದು ಬಣವೆ. ಕಟ್ಟಳೆಯಲ್ಲಿ ತಪ್ಪೇನೂ ಇರಲಿಲ್ಲ. ಹೆಂಗಸರು ನಸುಕಿಗೇ ಎದ್ದು ಇಡೀ ದಿನದ ರೊಟ್ಟಿ ಬಡಿದು, ಒಲೆಗೆ ನೀರು ಚಿಮುಕಿಸಿ, ಸಾರಿಸಿ, ಮೇಲೊಂದೆಳೆ ರಂಗೋಲಿ ಇಡುತ್ತಿದ್ದರು. ರಂಗೋಲಿ ಅಳಿಸಿದ್ದರೆ ಒಲೆ ಹಚ್ಚಿದ್ದಾರೆಂದು ಗೊತ್ತಾಗುತ್ತಿತ್ತು. ಮಧ್ಯಾಹ್ನಕ್ಕೆ ತಣ್ಣಗಿನ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ.

ಕಟ್ಟಳೆ ಕಾಯುವ ಹಿರಿಯ ನಮ್ಮ ದೊಡ್ಡಪ್ಪನೇ. ಮಧ್ಯಾಹ್ನ ಕೋಲು ಹಿಡಿದು ಓಣಿ ಓಣಿ ಅಲೆಯುತ್ತ, ಮೂಗು ಮೇಲೆತ್ತಿ ಹೊಗೆಯ ವಾಸನೆ ಹಿಡಿಯುತ್ತಿದ್ದ. ಸಿಕ್ಕಿಬಿದ್ದವರಿಗೆ ಒಂದೇ ಶಿಕ್ಷೆ: ಒಳಗೆ ಹೋಗಿ ಒಲೆಯನ್ನು ಒದ್ದು ಒಡೆಯುವುದು. ಮಣ್ಣು ತಂದು, ಕಲಸಿ, ಹೊಸ ಒಲೆ ಹಾಕಿ, ಅದು ಒಣಗುವ ಹೊತ್ತಿಗೆ ಮೂರು ದಿನ. ಆ ವರ್ಷ ಆತ ಒಡೆದ ಒಲೆಗಳಲ್ಲಿ ಒಂದು ಹುಸೇನಬಿಯದು. ಅವಳ ಗಂಡ ರಾಜಾಸಾಬ ಊರಿನ ಪರವಾಗಿ ಗುಡ್ಡದ ಹುಲ್ಲು ಕಾಯುವವನು; ಊರಿಗೆ ಬೇಕಾದಷ್ಟನ್ನು ಕೊಟ್ಟು ಉಳಿದದ್ದನ್ನು ಕೊಯ್ದು ಹರಿಹರದ ಗಾಡಿಯವರಿಗೆ ಮಾರುತ್ತಿದ್ದ. ನಮ್ಮ ಹಿತ್ತಲಿನ ಆಚೆಗೆ, ಗುಡ್ಡದ ಕಡೆಗೆ, ಅವನ ಗುಡಿಸಲು. ಮಗುವಿಗೆ ಜ್ವರವೆಂದು ಹುಸೇನಬಿ ನಡುಮಧ್ಯಾಹ್ನ ಗಂಜಿ ಕಾಯಿಸಿದ್ದಳು. ನಾನು ಬೇಲಿಯ ಈಚೆಗೆ ನಿಂತು ನೋಡುತ್ತಿದ್ದೆ.

"ಒಂದ್ ಕುದಿ ಬರಲಿ ಗೌಡ್ರೆ, ನಾನೇ ಆರಿಸ್ತೀನ್ರಿ. ಕೂಸು ನಿನ್ನೆಯಿಂದ ಏನೂ ತಿಂದಿಲ್ರಿ."

"ಕೂಸಿಗೊಂದು, ಊರಿಗೊಂದು ಕಾಯ್ದೆ ಐತೇನು? ಸರಿ ಅತ್ತಾಗ."

ಗಂಜಿ ಮಣ್ಣಿನಲ್ಲಿ ಹರಿಯಿತು. ಧೋತರಕ್ಕೆ ಗಂಜಿ ಸಿಡಿದದ್ದಕ್ಕೆ ದೊಡ್ಡಪ್ಪ ದಾರಿಯುದ್ದಕ್ಕೂ ಬೈದುಕೊಂಡು ಬಂದ. ಬಂದವನು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತು, ದಿನವೂ ಕೇಳುವಂತೆ ಚಾ ಕೇಳಿದ.

ಹೌದು, ಚಾ. ದಾವಣಗೆರೆಗೆ ಹೋದಾಗ ಅಪ್ಪನಿದ್ದ ಅಂಗಡಿಯಲ್ಲಿ ಕೂತು ಹತ್ತಿಸಿಕೊಂಡ ಚಟ. ಪುಡಿಯ ಪೊಟ್ಟಣವನ್ನು ಅಪ್ಪ ಶನಿವಾರ ತಂದು ಕೊಡುತ್ತಿದ್ದ. ಹೊತ್ತು ಸ್ವಲ್ಪ ವಾಲಿದಾಗ ಬಿಸಿ ಚಾ ಒಳಗೆ ಹೋಗದಿದ್ದರೆ ದೊಡ್ಡಪ್ಪನಿಗೆ ತಲೆ ಒಡೆಯುತ್ತಿತ್ತಂತೆ. ಊರಿನ ಒಲೆ ಒಡೆಯುವವನು ತನ್ನ ಒಲೆ ಹಚ್ಚುವುದು ಹೇಗೆ? ಅದಕ್ಕೆ ಆತ ಕಣಜದ ಕೋಣೆಯಲ್ಲಿ ಒಂದು ಶೇಗಡಿ ಇಡಿಸಿದ್ದ. ಮೂರು ಕಾಲಿನ ಕಬ್ಬಿಣದ್ದು, ಇದ್ದಲು ಹಾಕುವಂಥದ್ದು. ಇದ್ದಲಿಗೆ ಹೊಗೆಯಿಲ್ಲ, ಕೋಣೆಗೆ ಕಿಟಕಿಯಿಲ್ಲ, ಅಡುಗೆಮನೆಯ ಒಲೆಯ ಮೇಲಿನ ರಂಗೋಲಿ ಅಳಿಯುವುದಿಲ್ಲ. ಶಾಂತಕ್ಕ ಬಾಗಿಲು ಹಾಕಿಕೊಂಡು ಬೆವರಿನಲ್ಲಿ ತೊಯ್ಯುತ್ತ ಚಾ ಮಾಡುತ್ತಿದ್ದಳು. ಅದು ಮುಗಿದ ಮೇಲೆ ಶೇಗಡಿಯ ಕೆಂಡವನ್ನು ಒಡಕು ಗಡಿಗೆಯ ಬೋಕಿಯಲ್ಲಿ ಹೊತ್ತು, ಹಿತ್ತಲು ದಾಟಿ, ತಿಪ್ಪೆಯ ಗುಂಡಿಗೆ ಸುರಿದು, ಒಂದು ಚೆಂಬು ನೀರು ಹಾಕಿ ಬರುವುದು ನನ್ನ ಪಾಲಿನ ಕೆಲಸ. ಚಿಕ್ಕವಳು ಬೋಕಿ ಹಿಡಿದು ಹೋದರೆ ಬೂದಿ ಚೆಲ್ಲಲು ಹೊರಟಿದ್ದಾಳೆ ಎಂದುಕೊಳ್ಳುತ್ತಾರೆಂದು ನನ್ನನ್ನು ಆರಿಸಿದ್ದರು. ನನಗೂ ಅದೊಂದು ಹೆಮ್ಮೆ. ನಮ್ಮ ಮನೆಯಲ್ಲಿ ಗುಟ್ಟಿದೆ, ಅದು ನನ್ನ ಕೈಯಲ್ಲಿದೆ ಎಂದು ಉಬ್ಬಿಕೊಂಡು ನಡೆಯುತ್ತಿದ್ದೆ. ದೊಡ್ಡಪ್ಪನ ಬಗ್ಗೆ ನನಗಿರುವ ತಿರಸ್ಕಾರವನ್ನು ಬರೆಯುವಾಗಲೆಲ್ಲ ಆ ನಡಿಗೆ ನೆನಪಿಗೆ ಬಂದು ಅಡ್ಡ ನಿಲ್ಲುತ್ತದೆ.

ಗುಡ್ಡಕ್ಕೆ ಬೆಂಕಿ ಬೀಳುವುದು ವರ್ಷವೂ ಇದ್ದದ್ದೇ. ಹೊಸ ಹುಲ್ಲು ಚೆನ್ನಾಗಿ ಬರಲೆಂದು ಕುರಿಯವರು ಹಚ್ಚುತ್ತಾರೆ ಎನ್ನುತ್ತಿದ್ದರು. ಕುರಿಯವರು ದಾರಿಹೋಕರ ಬೀಡಿ ಎನ್ನುತ್ತಿದ್ದರು. ಬೆಂಕಿ ಬಿದ್ದಾಗ ಊರಿಗೆ ಊರೇ ಹೊಂಗೆಯ ಹಸಿ ಟೊಂಗೆ ಹಿಡಿದು ಬಡಿಯಲು ಓಡುತ್ತಿತ್ತು, ಮುಂದೆ ರಾಜಾಸಾಬ. ಆತ ಓಡುತ್ತಿರಲಿಲ್ಲ. ಹಿಡಿ ಮಣ್ಣು ಎತ್ತಿ, ಬೆರಳ ಸಂದಿಯಿಂದ ಬಿಟ್ಟು, ಅದು ಹೋಗುವ ದಿಕ್ಕು ನೋಡುತ್ತಿದ್ದ. ಆಮೇಲೆ ಗುಡ್ಡದ ಬುಡದಲ್ಲಿ ತಾನೇ ಒಂದು ಪಟ್ಟಿ ಹುಲ್ಲನ್ನು ಸುಡುತ್ತ ಎದುರು ಬೆಂಕಿ ಕೊಡುತ್ತಿದ್ದ. ಒಮ್ಮೆ ನಾನು, ಬೆಂಕಿಗೆ ಬೆಂಕಿ ಹಚ್ಚುವುದು ಯಾಕೆಂದು ಕೇಳಿದ್ದೆ.

"ಬೆಂಕಿನ ಬಡದು ಓಡಸಾಕ ಆಗೂದಿಲ್ಲ ಗಿರಿಜವ್ವ. ಅದು ಬರೂದ್ರೊಳಗ ಅದರ ಊಟ ನಾವ ಉಂಡ್ಬಿಡಬೇಕು."

ಆ ವರ್ಷದ ಬೆಂಕಿ ಎರಡು ದಿನ ಉರಿಯಿತು. ಮೊದಲ ದಿನ ಮೂಡಗಾಳಿ. ಗುಡ್ಡದ ಕಡೆಯಿಂದ ಕರಿ ಹುಲ್ಲಿನ ಎಳೆಗಳು ಹಾರಿ ಬಂದು ಅಂಗಳದಲ್ಲಿ, ಮಜ್ಜಿಗೆಯಲ್ಲಿ, ಅವ್ವನ ಹಣೆಯ ವಿಭೂತಿಯ ಮೇಲೆ ಬೀಳುತ್ತಿದ್ದವು. ಕಣ್ಣು ಉರಿದು ಯಾರೂ ಯಾರ ಮುಖವನ್ನೂ ನೋಡುವಂತಿರಲಿಲ್ಲ. ಊರಿನ ಹೆಂಗಸರು ಇದ್ದಬದ್ದ ನೀರನ್ನೆಲ್ಲ ಸೋಗೆಗೆ ಎರಚಿದರು. ಎರಡನೆಯ ದಿನ ಮುಂಜಾನೆ ರಾಜಾಸಾಬ ಬುಡದಲ್ಲಿ ಉದ್ದಕ್ಕೆ ಎದುರು ಬೆಂಕಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬೆಂಕಿ ಆ ಸುಟ್ಟ ಪಟ್ಟಿಯವರೆಗೆ ಇಳಿದು, ತಿನ್ನಲು ಏನೂ ಸಿಗದೆ ನಿಂತಿತು. ಗಂಡಸರು ಅಲ್ಲೇ ಉಳಿದು ಹೊಗೆಯಾಡುವ ಬೊಡ್ಡೆಗಳನ್ನು ಬಡಿಯುತ್ತಿದ್ದರು. ದೊಡ್ಡಪ್ಪ ಮಾತ್ರ ಮನೆಗೆ ಬಂದ. ಎರಡು ದಿನ ಬಿಸಿಲಲ್ಲಿ ನಿಂತು ಉಳಿದವರಿಗೆ ಬಡಿಯಿರಿ ಬಡಿಯಿರಿ ಎಂದು ಹೇಳಿ ಹೇಳಿ ದಣಿದಿದ್ದ. ಪಡಸಾಲೆಯಲ್ಲಿ ರುಮಾಲು ಬಿಚ್ಚುತ್ತ ಆತ ಆಡಿದ ಮಾತು ಇದು:

"ಗಾಳಿ ತಿರುಗಿತು. ಈಗ ಪಡುಗಾಳಿ ಐತೆ, ಇನ್ನ ಊರ ಕಡೆ ಒಂದ್ ಕಿಡೀನೂ ಬರೂದಿಲ್ಲ. ಶಾಂತಾ, ಚಾ ಇಡು."

ಅಡುಗೆಮನೆಯ ಬಾಗಿಲ ಮರೆಯಿಂದ ಅವ್ವ ಹೇಳಿದಳು.

"ಇವತ್ತೊಂದಿನ ಬ್ಯಾಡ ಭಾವಾರ. ಗಾಳಿ ಭಾಳ ಐತೆ. ನೀರೂ ಇಲ್ಲ."

"ಒಲಿ ಹಚ್ಚು ಅಂದ್ನೇನು ನಾನು? ಶೇಗಡಿ ಒಲಿ ಅಲ್ಲ ಅಂತ ನಿನಗ ಎಷ್ಟು ಸಲ ಹೇಳ್ಬೇಕು?"

ಚಾ ಆಯಿತು. ದೊಡ್ಡಪ್ಪ ಬಸಿಯಲ್ಲಿ ಹಾಕಿಕೊಂಡು ಊದಿ ಊದಿ ಸುರ್ರೆಂದು ಕುಡಿದ. ನಾನು ಬೋಕಿ ಎತ್ತಿಕೊಂಡೆ. ಇನ್ನೊಂದು ಕೈಯಲ್ಲಿ ಚೆಂಬು. ಮನೆಯಲ್ಲಿ ಉಳಿದದ್ದೇ ಅಷ್ಟು ನೀರು. ಶಾಂತಕ್ಕ ಚಾ ಸೋಸಿದ ಬಟ್ಟೆಯನ್ನು ಹಿಂಡುತ್ತ ಹಿಂಬಾಗಿಲಲ್ಲಿ ನಿಂತಿದ್ದಳು. ಇಲ್ಲಿಂದ ಮುಂದೆ ನನಗೆ ಎರಡು ನೆನಪುಗಳಿವೆ, ಎರಡೂ ಅಷ್ಟೇ ಸ್ಪಷ್ಟ. ಒಂದರಲ್ಲಿ ಗುಂಡಿಗೆ ಸುರಿದ ಕೆಂಡದ ಮೇಲೆ ನೀರು ಬಿದ್ದು ಚುಂಯ್ ಎನ್ನುತ್ತದೆ, ಬೂದಿಯ ಬಿಸಿ ಹಬೆ ನನ್ನ ಮುಖಕ್ಕೆ ಹೊಡೆಯುತ್ತದೆ. ಇನ್ನೊಂದರಲ್ಲಿ ನಾನು ಬಣವೆಯ ನೆರಳಿನಲ್ಲಿ ನಿಂತು, ತಲೆ ಎತ್ತಿ, ಚೆಂಬಿನ ನೀರನ್ನು ಗಟಗಟ ಕುಡಿಯುತ್ತಿದ್ದೇನೆ. ನೀರಿಗೆ ಹಿತ್ತಾಳೆಯ ರುಚಿ, ಎರಡು ದಿನದ ಹೊಗೆಯಿಂದ ಒಣಗಿದ ಗಂಟಲು ತಣ್ಣಗಾಗುತ್ತಿದೆ. ಚುಂಯ್ ಎಂದದ್ದು ಬೇರೆ ದಿನದ್ದಿರಬಹುದು, ಅದು ದಿನದ ಕೆಲಸ. ನೀರು ಕುಡಿದದ್ದು ಬೇರೆ ದಿನದ್ದು ಆಗಿರಲಾರದು. ಆ ನೀರನ್ನು ಕುಡಿಯುವಷ್ಟು ಬಾಯಾರಿಕೆ ನನಗೆ ಬೇರೆ ಯಾವ ದಿನವೂ ಆಗಿರಲಿಲ್ಲ. ಅಥವಾ ಹಾಗೆಂದು ನಾನೇ ಆಮೇಲೆ ವಾದ ಹೂಡಿಕೊಂಡಿದ್ದೇನೆ.

ಮೊದಲು ಹೊತ್ತಿದ್ದು ನಮ್ಮ ಬಣವೆ, ತಿಪ್ಪೆಯ ಮಗ್ಗುಲಿನದು. ಪಡುಗಾಳಿ ಅದನ್ನು ಎತ್ತಿ ಬೇಲಿಯಾಚೆ ರಾಜಾಸಾಬನ ಹುಲ್ಲಿನ ಬಣವೆಗೆ, ಅಲ್ಲಿಂದ ಅವನ ಗುಡಿಸಲಿಗೆ ಎಸೆಯಿತು. ನಮ್ಮ ಮಾಳಿಗೆ ಮನೆಗೆ ಏನೂ ಆಗಲಿಲ್ಲ, ಗಾಳಿ ನಮಗೆ ಬೆನ್ನು ಮಾಡಿತ್ತು. ಹುಸೇನಬಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು, ಕಟ್ಟಿದ್ದ ಎರಡು ಆಡು ಬರಲಿಲ್ಲ. ಗುಡ್ಡದಲ್ಲಿದ್ದ ಗಂಡಸರು ಬೆನ್ನ ಹಿಂದೆ ಹೊಗೆ ಕಂಡು ಓಡಿ ಬರುವ ಹೊತ್ತಿಗೆ ಉಳಿಸಲು ಏನೂ ಇರಲಿಲ್ಲ. ಗುಡಿಸಲು ಬೂದಿಯಾಗಿತ್ತು. ಅದರ ನಡುವೆ, ಹಿಂದಿನ ವಾರವಷ್ಟೇ ಹುಸೇನಬಿ ಹೊಸದಾಗಿ ಹಾಕಿದ್ದ ಒಲೆಯೊಂದು ಬೆಂದು ಇಟ್ಟಿಗೆಯಂತೆ ಕೆಂಪಾಗಿ ನಿಂತಿತ್ತು. ಇನ್ನು ಅದನ್ನು ಒದ್ದರೆ ದೊಡ್ಡಪ್ಪನ ಕಾಲೇ ಮುರಿಯುತ್ತಿತ್ತು.

ಸಂಜೆ ಎಲ್ಲರೂ ನಮ್ಮ ಮನೆಯ ಮುಂದೆಯೇ ಸೇರಿದರು. ಮುಖಗಳೆಲ್ಲ ಮಸಿ. ದೊಡ್ಡಪ್ಪನದು ಮಾತ್ರ ತೊಳೆದ ಮುಖ, ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸಿಯೂ ಸುಮ್ಮನಿದ್ದರು ಎಂಬುದೇ ಹೆಚ್ಚು ಸರಿ. ಆತನೇ ಮೊದಲು ಬಾಯಿ ತೆರೆದ.

"ಎದುರು ಬೆಂಕಿ ಕೊಡ್ತೀನಿ ಅಂತ ಕೊಟ್ಟ. ಅದರ ಕಿಡಿ ಹಾರಿ ಊರಿಗೆ ಬಂದು ಬಿತ್ತು. ತನ್ನ ಮನೀನೂ ಸುಟ್ಕಂಡ, ನನ್ನ ಬಣವೀನೂ ಸುಟ್ಟ."

ರಾಜಾಸಾಬ ಕೂಗಾಡಲಿಲ್ಲ. ಬಾಗಿ ಹಿಡಿ ಮಣ್ಣು ಎತ್ತಿಕೊಂಡು ಬೆರಳ ಸಂದಿಯಿಂದ ಬಿಟ್ಟ. ಮಣ್ಣು ಗುಡ್ಡದ ಕಡೆಗೆ ಹಾರಿತು.

"ಗಾಳಿಗೆ ಎದುರಾಗಿ ಕಿಡಿ ಹೆಂಗೆ ಬರ್ತೈತ್ರಿ ಗೌಡ್ರೆ? ಮೊದಲು ಹೊತ್ತಿದ್ದು ನಿಮ್ಮ ಬಣವಿ."

ಎಲ್ಲರೂ ಆ ಮಣ್ಣನ್ನು ನೋಡಿದರು. ಹುಟ್ಟಿದಾಗಿನಿಂದ ಗಾಳಿ ನೋಡಿ ತೂರಿದ ಜನ, ಕಣದಲ್ಲಿ ಕಾಳು ಯಾವ ಕಡೆ ಬೀಳುತ್ತದೆ, ಹೊಟ್ಟು ಯಾವ ಕಡೆ ಹೋಗುತ್ತದೆ ಎಂದು ಬಲ್ಲ ಜನ. ಆಮೇಲೆ ದೊಡ್ಡಪ್ಪನ ಮುಖ ನೋಡಿದರು.

"ಅಂದ್ರ ನಮ್ಮನಿ ಬೆಂಕಿ ಅಂತೀಯಾ? ಬರ್ರಿ ಎಲ್ಲಾರೂ. ಒಳಗ ಬಂದು ನಮ್ಮನಿ ಒಲಿ ಮುಟ್ಟಿ ನೋಡ್ರಿ."

ದೊಡ್ಡಪ್ಪ ಹಿರಿಯರನ್ನು ಅಡುಗೆಮನೆಗೆ ಕರೆತಂದ. ಎಂದೂ ಒಳಗೆ ಕಾಲಿಡದಿದ್ದ ರಾಜಾಸಾಬನನ್ನೂ ಕರೆದ. ಆ ದಿನದ ಮಟ್ಟಿಗೆ ನಮ್ಮ ಮನೆಯ ಮಡಿಯೂ ರಜೆ ಹಾಕಿತ್ತು. ರಂಗೋಲಿ ಇದ್ದಂತೆಯೇ ಇತ್ತು. ಒಬ್ಬೊಬ್ಬರಾಗಿ ಬಾಗಿ ಒಲೆ ಮುಟ್ಟಿದರು, ದೇವರ ಪಾದ ಮುಟ್ಟಿದ ಹಾಗೆ. ತಣ್ಣಗೈತೆ, ತಣ್ಣಗೈತೆ ಎಂದರು. ರಾಜಾಸಾಬನೂ ಮುಟ್ಟಿದ. ಆಮೇಲೆ ಮುಖ ಎತ್ತಿ ಕಣಜದ ಕೋಣೆಯ ಬಾಗಿಲ ಕಡೆ ನೋಡಿದ.

"ಒಲಿ ತಣ್ಣಗೈತ್ರಿ. ಆದ್ರ ಚಾದ ವಾಸನಿ ಬರ್ತೈತೆ."

ಹಿಂದೆ ಯಾರೋ ನಕ್ಕರು. ದೊಡ್ಡಪ್ಪ ಆ ಕಡೆ ನೋಡಿದ್ದೇ ನಗು ನಿಂತಿತು. ಆತನ ಕಣ್ಣು ತಿರುಗಿ ನನ್ನ ಮೇಲೆ ಬಿತ್ತು.

"ಕೂಸು ಸುಳ್ಳು ಹೇಳೂದಿಲ್ಲ. ಗಿರಿಜಾ, ಬಾ ಇಲ್ಲಿ. ಮಧ್ಯಾಹ್ನ ನಮ್ಮನ್ಯಾಗ ಒಲಿ ಹಚ್ಚಿದ್ರೇನು?"

ಅದಕ್ಕೆ ಸ್ವಲ್ಪ ಮುಂಚೆ ಅವ್ವ ನನ್ನ ಕೂದಲಿನ ಬೂದಿಯನ್ನು ಸೆರಗಿನಿಂದ ಒರೆಸುತ್ತ, ಕೇಳಿದ್ದಕ್ಕಷ್ಟೇ ಹೇಳು ಎಂದಿದ್ದಳು. ಈ ಮಾತನ್ನು ಅವ್ವ ಆಮೇಲೆ ಒಪ್ಪಲಿಲ್ಲ. ಗಾಳಿಯ ಮಾತು ನೆನಪಿದ್ದವಳಿಗೆ ಇದು ನೆನಪಿರಲಿಲ್ಲವಂತೆ. ನಾನು ಕೇಳಿದ್ದಕ್ಕಷ್ಟೇ ಹೇಳಿದೆ.

"ಇಲ್ಲ. ಒಲಿ ಹಚ್ಚಿಲ್ಲ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರು, ಪ್ರಶ್ನೆಗೆ ತಕ್ಕಷ್ಟೇ ಉತ್ತರ ಬರೆಯುತ್ತಾಳೆಂದು ನನ್ನನ್ನು ಮೆಚ್ಚಿಕೊಂಡರು. ಆ ವಿದ್ಯೆ ನಾನು ಕಲಿತದ್ದು ಆ ಅಡುಗೆಮನೆಯಲ್ಲಿ, ರಂಗೋಲಿಯ ಪಕ್ಕದಲ್ಲಿ. ರಾಜಾಸಾಬ ನನ್ನನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಹೊರಟುಹೋದ. ಹುಲ್ಲು ಕಾಯುವ ಕೆಲಸ ಬೇರೆಯವರಿಗೆ ಹೋಯಿತು. ಎಂಟು ದಿನದೊಳಗೆ ಅವರು ಊರು ಬಿಟ್ಟರು. ಅವರು ಹೋದ ಮೇಲೆ ಆಲಿಕಲ್ಲು ಮಳೆ ಬಿತ್ತು, ಮಾಳಿಗೆಯ ಮೇಲೆ ಯಾರೋ ಗಾಡಿಗಟ್ಟಲೆ ಕಲ್ಲು ಸುರಿದಂತೆ. ದೊಡ್ಡಪ್ಪ ಹಿಂದಿನ ಸೋಮವಾರ ಅಭಿಷೇಕ ಮಾಡಿಸಿದ್ದರಿಂದಲೇ ಮಳೆ ಬಂತೆಂದು ಊರು ಕೊಂಡಾಡಿತು. ಹತ್ತು ದಿನ ಮೊದಲೇ ಮಾಡಿಸಿದ್ದರೆ ಆಗುತ್ತಿತ್ತಲ್ಲ ಎಂದು ಕೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ನಾನೂ ಕೇಳಲಿಲ್ಲ. ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ದಾವಣಗೆರೆಯಲ್ಲಿ ಕಾಲೇಜು ಓದುವಾಗ ಗೆಳತಿಯರ ಜೊತೆ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿದ್ದೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಶೆಡ್ಡುಗಳಲ್ಲಿ ಬೇಸಿಗೆ ವರ್ಷವಿಡೀ ಇರುತ್ತದೆ. ಒಲೆಯ ಬಾಯಿಗೆ ಹೊಟ್ಟು ತಳ್ಳುತ್ತ ಕೂತಿದ್ದವನು ನನ್ನನ್ನು ದಿಟ್ಟಿಸಿ ನೋಡಿ ಎದ್ದು ಬಂದ. ರಾಜಾಸಾಬ. ಹುಬ್ಬಿನ ಕೂದಲು ಸುಟ್ಟುಹೋಗಿದ್ದವು. ನನ್ನ ಹೆಸರು ಹಿಡಿದು ಮಾತನಾಡಿಸಿದ. ಹುಸೇನಬಿ ಆರಾಮಿದ್ದಾಳೆಂದ, ಮಗ ಮಿಲ್ಲಿಗೆ ಸೇರಿದನೆಂದ. ಬಿಸಿ ಮಂಡಕ್ಕಿಯನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟು, ದನಿಯಲ್ಲಿ ಯಾವ ಕಹಿಯೂ ಇಲ್ಲದೆ ಕೇಳಿದ.

"ಗೌಡ್ರು ಮಧ್ಯಾಹ್ನದ ಚಾ ಇನ್ನೂ ಕುಡೀತಾರೇನವ್ವ?"

"ಹೂಂ," ಎಂದೆ. ಕೇಳಿದ್ದಕ್ಕಷ್ಟೇ ಹೇಳಿದೆ. ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: ಭಟ್ಟಿಗೆ ಹೋಗಿದ್ದೆವು, ವಿಪರೀತ ಸೆಕೆ. ಅವನ ಹೆಸರಿಲ್ಲ. ನನ್ನ ದಿನಚರಿಯನ್ನು ನಾನೇ ನಂಬದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ದೊಡ್ಡಪ್ಪ ಇಲ್ಲ, ಅವ್ವ ಇಲ್ಲ. ರಾಜಾಸಾಬ ಇಲ್ಲವೆಂದು ಭಟ್ಟಿಯವರಿಂದ ಕೇಳಿ ತಿಳಿದೆ. ಉಳಿದವಳು ಶಾಂತಕ್ಕ, ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದಾಳೆ. ಆ ಮನೆಯಲ್ಲಿ ಗ್ಯಾಸು, ಸಿಮೆಂಟಿನ ತಾರಸಿ. ಹುಲ್ಲಿನ ಒಂದು ಕಡ್ಡಿ ಹುಡುಕಿದರೂ ಸಿಗದು. ಆದರೂ ಅವಳು ಹಾಲು ಕಾಯಿಸಿ ಒಲೆ ಆರಿಸಿದ ಮೇಲೆ ಒಲೆಯ ಕಿವಿ ತಿರುವಿ ನೋಡುತ್ತಾಳೆ, ಸಿಲಿಂಡರಿನ ಗುಂಡಿ ತಿರುವಿ ನೋಡುತ್ತಾಳೆ, ಹೊರಗೆ ಬಂದು ಕೂತವಳು ಮತ್ತೆ ಎದ್ದು ಹೋಗಿ ನೋಡುತ್ತಾಳೆ. ಸೊಸೆ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಶಾಂತಕ್ಕ ಎಂದೂ ಚಾ ಕುಡಿದವಳಲ್ಲ.

ನನ್ನ ಬಾಯಾರಿಕೆ ಎಲ್ಲರಿಗಿಂತ ದೊಡ್ಡದಾಗಿತ್ತೇ, ಅಥವಾ ಈ ಕಥೆಯಲ್ಲಿ ನನಗೊಂದು ದೊಡ್ಡ ಪಾತ್ರ ಬೇಕೆಂದು ಅದನ್ನು ನಾನೇ ಹುಟ್ಟಿಸಿಕೊಂಡೆನೇ ಎಂದು ಹೇಳಬಲ್ಲವಳು ಅವಳೊಬ್ಬಳೇ. ಹಿಂಬಾಗಿಲಿನಿಂದ ಎರಡು ಹೆಜ್ಜೆ ಬಲಕ್ಕೆ ನಿಂತಿದ್ದರೆ ಅವಳಿಗೆ ಗುಡ್ಡ, ಬಣವೆ, ತಿಪ್ಪೆ, ನಾನು, ಎಲ್ಲವೂ ಕಂಡಿರಬೇಕು. ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಫ್ಯಾನಿನ ಕೆಳಗೆ ಇಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. ಅವಳು ಗ್ಯಾಸು ನೋಡಿ ಬರಲು ಎದ್ದು ಹೋದಳು. ಒಳಗೆ ಗುಂಡಿ ತಿರುವುವ ಸದ್ದು ಕೇಳಿಸಿತು. ಅವಳು ಹೊರಗೆ ಬರಲಿಲ್ಲ. ಆಮೇಲೆ ಮೂರು ಸಲ ಹೋಗಿ ಬಂದಿದ್ದೇನೆ. ಊಟ ಮಾಡಿಸುತ್ತಾಳೆ, ಹೂ ಮುಡಿಸುತ್ತಾಳೆ, ಆ ಮಾತಿಗೆ ಬರುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕ, ಅವತ್ತು ನೀ ಹಿಂದಿನ ಬಾಗಲಾಗ ನಿಂತಿದ್ದೆಲ್ಲ. ಚೆಂಬಿನ ನೀರು ನಾ ಕೆಂಡಕ್ಕ ಹಾಕಿದ್ನಾ, ಕುಡದ್ನಾ?"